ಓಜಸ್ಸು ಮತ್ತು ಉತ್ಸಾಹ: ‘ಲೆಜೆಂಡರಿ ಟೇಲ್ಸ್’ ಎಂಬ ಪವರ್ ಮೆಟಲ್ ಕೃತಿಯಲ್ಲಿ ವೀರರಸ

ಓಜಸ್ಸು ವೀರರಸದ ಗುಣವೆಂಬುದು ಅಲಂಕಾರಶಾಸ್ತ್ರವನ್ನು ವ್ಯಾಸಂಗ ಮಾಡಿದವರೆಲ್ಲರಿಗೂ ತಿಳಿದ ಸಂಗತಿ. ಆದರೆ ಓಜಸ್ಸಿದ್ದಲ್ಲೆಲ್ಲ ವೀರವಿರುವುದೆಂದು ಶಾಸ್ತ್ರವು ಹೇಳುವುದಿಲ್ಲ. ಈ ಎರಡು ಮಾತುಗಳಿಗಿರುವ ಅಂತರವನ್ನು ಮರೆತಾಗ ಎಂತಹ ತಪ್ಪು ತೀರ್ಮಾನಗಳು ಹುಟ್ಟುವುವೆಂಬುದಕ್ಕೆ ಪಾಶ್ಚಾತ್ಯ ದೇಶಗಳಲ್ಲಿ ಈಚೆಗೆ ಬೆಳೆದ ಪವರ್ ಮೆಟಲ್ ಎಂಬ ಸಂಗೀತಪ್ರಕಾರವು ಒಳ್ಳೆಯ ನಿದರ್ಶನವಾಗಿದೆ. ವಿದ್ಯುತ್ ಗಿಟಾರಿನ ಗಡುಸಾದ ನಾದ, ಎರಡು ಕಾಲುಗಳಿಂದಲೂ ಎಡೆಬಿಡದೆ ನುಡಿಸುವ ಡ್ರಮ್ಮಿನ ದ್ರುತಗತಿ, ತಾರಸ್ಥಾಯಿಯಲ್ಲಿ ಸಂಚರಿಸುವ ಕಂಠ, ಸಭೆಯೆಲ್ಲ ಕೂಡಿ ಹಾಡಬಹುದಾದ ಪಲ್ಲವಿ, ಯುದ್ಧ ಯಾತ್ರೆ ಪ್ರತಿಜ್ಞೆಗಳನ್ನೊಳಗೊಂಡ ಕಥಾವಸ್ತು, ಇವಿಷ್ಟು ಆ ಪ್ರಕಾರದ ಲಕ್ಷಣಗಳು.

ಇದನ್ನು ಕುರಿತು ಎರಡು ಪಕ್ಷಗಳುಂಟು. ಇದು ಬರಿಯ ಗದ್ದಲ, ಗದ್ದಲದಲ್ಲಿ ರಸವನ್ನು ಹುಡುಕುವುದು ಮರಳಿನಲ್ಲಿ ಎಣ್ಣೆಯನ್ನು ಹುಡುಕಿದಂತೆ, ಎಂಬುದು ವಿದ್ವಾಂಸರಲ್ಲಿ ಹಲವರ ಪಕ್ಷ. ಇಷ್ಟು ವೇಗವೂ ಇಷ್ಟು ಘೋಷವೂ ಉಳ್ಳದ್ದು ವೀರವಲ್ಲದೆ ಮತ್ತೇನು, ಎಂಬುದು ಅದರ ಅಭಿಮಾನಿಗಳ ಪಕ್ಷ. ಮೇಲೆ ನೋಡಿದರೆ ಇವು ಪರಸ್ಪರ ವಿರುದ್ಧವಾಗಿ ತೋರುವುವು. ಒಳಹೊಕ್ಕು ವಿಚಾರಿಸಿದರೆ ಎರಡರ ಬೇರೂ ಒಂದೇ. ಇಬ್ಬರೂ ಘೋಷವನ್ನೇ ಕೃತಿಯ ಸರ್ವಸ್ವವೆಂದು ತಿಳಿದಿರುವರು. ಒಬ್ಬರು ಅದನ್ನು ಹಳಿಯುವರು, ಮತ್ತೊಬ್ಬರು ಹೊಗಳುವರು, ಅಷ್ಟೆ.

ಗುಣಗಳ ಸ್ವರೂಪವನ್ನು ವಿವರಿಸುವಾಗ ಮಮ್ಮಟನು ಕೊಡುವ ಲೋಕದೃಷ್ಟಾಂತವನ್ನು ಇಲ್ಲಿ ನೆನೆಯಬೇಕು. ಶೌರ್ಯವು ಆತ್ಮದ ಧರ್ಮ, ದೇಹದ ಧರ್ಮವಲ್ಲ. ಆದರೂ ಜನರು ಎತ್ತರವಾದ ದೇಹವನ್ನು ಕಂಡ ಮಾತ್ರಕ್ಕೆ ಇವನು ಶೂರನೆಂದುಬಿಡುವರು. ನಿಜವಾಗಿ ಶೂರನಾದವನು ಅಲ್ಪಕಾಯನಾಗಿದ್ದರೆ ಇವನು ಶೂರನಲ್ಲವೆನ್ನುವರು. ಹಾಗೆಯೇ ಗುಣಗಳು ರಸದ ಧರ್ಮಗಳು. ವರ್ಣಗಳೂ ಸಮಾಸಗಳೂ ಅವನ್ನು ವ್ಯಂಜಿಸುವ ಸಾಧನಗಳು ಮಾತ್ರ. ಪವರ್ ಮೆಟಲ್ಲಿನಲ್ಲಿ ವರ್ಣಸಮಾಸಗಳ ಸ್ಥಾನವನ್ನು ಗಿಟಾರು ಡ್ರಮ್ಮುಗಳ ಘೋಷವು ಪಡೆದಿದೆ. ಅದು ದೇಹ. ಆ ದೇಹದೊಳಗೆ ಆತ್ಮವಿದೆಯೆ ಎಂಬುದೇ ವಿಮರ್ಶಕನು ಕೇಳಬೇಕಾದ ಪ್ರಶ್ನೆ. ಇಟಲಿ ದೇಶದ ರ‍್ಯಾಪ್ಸೊಡಿ ಎಂಬ ವೃಂದವು ೧೯೯೭ನೆಯ ಇಸವಿಯಲ್ಲಿ ಪ್ರಕಟಿಸಿದ ಮೊದಲನೆಯ ಆಲ್ಬಮ್ ‘ಲೆಜೆಂಡರಿ ಟೇಲ್ಸ್’, ಎಂದರೆ ‘ಐತಿಹ್ಯಕಥೆಗಳು’, ಈ ಪರೀಕ್ಷೆಗೆ ತಕ್ಕ ಕೃತಿ. ಅದರ ಗುಣಗಳೂ ದೋಷಗಳೂ ಎರಡೂ ಸ್ಫುಟವಾಗಿವೆ. ಮೇಲಾಗಿ ಅದೇ ಕರ್ತೃಗಳು ಮುಂದೆ ರಚಿಸಿದ ಹಿರಿಯ ಗಾತ್ರದ ಕೃತಿಗಳೊಡನೆ ಅದನ್ನು ಹೋಲಿಸಿ ನೋಡಲೂ ಅವಕಾಶವಿದೆ.

ಮೊದಲು ಪ್ರಕಾರದ ಪೂರ್ವಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಬೇಕು. ಇದಕ್ಕೆ ಮೂಲವಾದ ಹೆವಿ ಮೆಟಲ್ ಇಂಗ್ಲೆಂಡಿನ ಕೈಗಾರಿಕೆಯ ನಗರವಾದ ಬರ್ಮಿಂಗ್‌ಹ್ಯಾಮಿನಲ್ಲಿ ರೂಪುಗೊಂಡಿತು. ಆ ಊರಿನ ಬ್ಲ್ಯಾಕ್ ಸಬತ್ ವೃಂದದ ಮೊದಲನೆಯ ಆಲ್ಬಮ್ ಹೊರಬಂದುದು ೧೯೭೦ರಲ್ಲಿ. ಅದರ ಪ್ರಧಾನವಾದ ಭಾವ ಭಯ. ೧೯೭೬ರಲ್ಲಿ ರೇನ್‌ಬೋ ವೃಂದದ ‘ರೈಸಿಂಗ್’ ಎಂಬ ಆಲ್ಬಮಿನಲ್ಲಿ ರಾನಿ ಜೇಮ್ಸ್ ಡಿಯೊ ಎಂಬ ಗಾಯಕರು ಮಾಂತ್ರಿಕರ ಅದ್ಭುತಕಥೆಯನ್ನು ಹಾಡಿ ಅದೇ ಗಡುಸಾದ ನಾದಕ್ಕೆ ಬೇರೊಂದು ಭಾವವನ್ನು ತಂದರು. ೧೯೮೪ರಲ್ಲಿ ಸ್ವೀಡನ್ ದೇಶದ ಇಂಗ್ವೀ ಮಾಲ್ಮ್‌ಸ್ಟೀನ್ ಅವರು ಬರೋಕ್ ಕಾಲದ ಶಾಸ್ತ್ರೀಯ ಸಂಗೀತದ ಸ್ವರಪದ್ಧತಿಯನ್ನು ಗಿಟಾರಿಗೆ ಅಳವಡಿಸಿದರು. ಜರ್ಮನಿಯ ಹ್ಯಾಂಬರ್ಗ್ ನಗರದ ಹೆಲೊವೀನ್ ವೃಂದವು ‘ಕೀಪರ್ ಆಫ್ ದಿ ಸೆವೆನ್ ಕೀಸ್’ ಎಂಬ ಕೃತಿಯ ಎರಡು ಭಾಗಗಳನ್ನು ೧೯೮೭ ಮತ್ತು ೧೯೮೮ರಲ್ಲಿ ಪ್ರಕಟಿಸಿದಾಗ ವೇಗ, ತಾರಕಂಠ, ಹರ್ಷಪ್ರಧಾನವಾದ ಪಲ್ಲವಿ ಇವು ಮೂರೂ ಒಂದೆಡೆ ಕೂಡಿಕೊಂಡು ಪವರ್ ಮೆಟಲ್ ನೆಲೆಗೊಂಡಿತು. ಭಯವನ್ನು ಆಶ್ರಯಿಸಿ ಹುಟ್ಟಿದ ನಾದವು ಹದಿನೆಂಟು ವರ್ಷಗಳಲ್ಲಿ ಉತ್ಸಾಹವನ್ನು ಆಶ್ರಯಿಸಿತು. ಸಾಧನವು ಒಂದೇ ಆಗಿರಲು ಅದು ಬೇರೆ ಬೇರೆ ಸ್ಥಾಯಿಭಾವಗಳಿಗೆ ಅಂಗವಾಗಬಲ್ಲುದೆಂಬುದು ಈ ಚರಿತ್ರೆಯಿಂದಲೇ ಸಿದ್ಧವಾಗುವುದು.

೧೯೯೧ರಲ್ಲಿ ಅಮೆರಿಕದ ನಿರ್ವಾಣ ವೃಂದದ ‘ನೆವರ್‌ಮೈಂಡ್’ ಪ್ರಕಟವಾದ ಬಳಿಕ ಆ ದೇಶದಲ್ಲಿ ಕೇಳುಗರ ರುಚಿಯು ತಿರುಗಿತು. ಖಿನ್ನತೆಯೂ ವ್ಯಂಗ್ಯವೂ ಮೆಚ್ಚುಗೆ ಪಡೆದುವು. ಕತ್ತಿ, ಕೋಟೆ, ಪ್ರತಿಜ್ಞೆಗಳು ಹಾಸ್ಯಾಸ್ಪದವಾಗಿ ಕಂಡುವು. ಯುರೋಪಿನಲ್ಲಿಯೂ ಜಪಾನಿನಲ್ಲಿಯೂ ದಕ್ಷಿಣ ಅಮೆರಿಕದಲ್ಲಿಯೂ ಮಾತ್ರ ಹಳೆಯ ರುಚಿ ಉಳಿದುಕೊಂಡಿತ್ತು. ಇಂತಹ ಕಾಲದಲ್ಲಿ, ೧೯೯೩ರಲ್ಲಿ, ಇಟಲಿಯ ಈಶಾನ್ಯದ ಕೊನೆಯಲ್ಲಿ ಆಡ್ರಿಯಾಟಿಕ್ ಸಮುದ್ರದ ದಡದಲ್ಲಿರುವ ಟ್ರಿಯೆಸ್ತೆ ನಗರದಲ್ಲಿ ಒಂದು ವೃಂದವು ಕೂಡಿಕೊಂಡಿತು. ಗಿಟಾರ್ ನುಡಿಸುವ ಲುಕಾ ತುರಿಲ್ಲಿ, ಕೀಬೋರ್ಡ್ ನುಡಿಸುವ ಅಲೆಕ್ಸ್ ಸ್ಟಾರೊಪೊಲಿ, ಡ್ರಮ್ ನುಡಿಸುವ ಡಾನಿಯೆಲೆ ಕಾರ್ಬೊನೆರಾ ಈ ಮೂವರು ಅದರ ಮೂಲಪುರುಷರು. ೧೯೭೨ರಲ್ಲಿ ಜನಿಸಿದ ತುರಿಲ್ಲಿ ಅವರಿಗೆ ಆಗ ಇಪ್ಪತ್ತೊಂದು ವಯಸ್ಸು. ಟ್ರಿಯೆಸ್ತೆಯು ೧೯೧೮ರ ವರೆಗೆ ಆಸ್ಟ್ರಿಯಾ ಸಾಮ್ರಾಜ್ಯದ ಮುಖ್ಯವಾದ ರೇವುಪಟ್ಟಣವಾಗಿದ್ದಿತು. ಇಟಾಲಿಯನ್, ಜರ್ಮನ್, ಸ್ಲಾವ್ ಜನಾಂಗಗಳ ಸಂಸ್ಕೃತಿಗಳು ಅಲ್ಲಿ ಸಂಧಿಸುವುವು. ಇಟಲಿಯ ಸ್ವರಮಾಧುರ್ಯವನ್ನೂ ಜರ್ಮನಿಯ ಲೋಹನಾದವನ್ನೂ ಕೂಡಿಸಹೊರಟ ವೃಂದವು ಇಂತಹ ಗಡಿಯೂರಿನಲ್ಲಿ ಹುಟ್ಟಿದುದು ಉಚಿತವಾಗಿಯೇ ಇದೆ.

ಆ ವೃಂದದ ಮೊದಲನೆಯ ಹೆಸರು ಥಂಡರ್‌ಕ್ರಾಸ್. ಗುಡುಗೆಂಬ ಅರ್ಥದ ಪದವು ಹೆಸರಿನಲ್ಲಿಯೇ ಇದ್ದುದು ಘೋಷದಲ್ಲಿ ಅವರಿಗಿದ್ದ ಮೋಹವನ್ನು ತಿಳಿಸುತ್ತದೆ. ೧೯೯೪ರಲ್ಲಿ ‘ಲ್ಯಾಂಡ್ ಆಫ್ ಇಮ್ಮಾರ್ಟಲ್ಸ್’, ಎಂದರೆ ‘ಅಮರರ ನಾಡು’, ಎಂಬ ಡೆಮೊ ಮುದ್ರಿಕೆಯನ್ನು ಅವರು ಸಿದ್ಧಪಡಿಸಿದರು. ಮರುವರ್ಷ ಹೆಸರನ್ನು ರ‍್ಯಾಪ್ಸೊಡಿ ಎಂದು ಬದಲಿಸಿಕೊಂಡು ‘ಇಟರ್ನಲ್ ಗ್ಲೋರಿ’ ಎಂಬ ಮತ್ತೊಂದು ಮುದ್ರಿಕೆಯನ್ನು ಮಾಡಿದರು. ಈ ಹೊಸ ಹೆಸರಿನ ವ್ಯುತ್ಪತ್ತಿಯು ಗಮನಾರ್ಹವಾದುದು. ಗ್ರೀಕ್ ಭಾಷೆಯಲ್ಲಿ ಹೊಲಿ ಎಂಬ ಅರ್ಥದ ಧಾತುವೂ ಹಾಡು ಎಂಬ ಅರ್ಥದ ಪದವೂ ಸೇರಿ ಈ ಶಬ್ದವಾಗಿದೆ. ಹೋಮರನ ವೀರಕಾವ್ಯಗಳನ್ನು ಸಭೆಗಳಲ್ಲಿ ಹಾಡುತ್ತಿದ್ದವರಿಗೆ ಪ್ರಾಚೀನ ಗ್ರೀಕರಲ್ಲಿ ಇದೇ ಮೂಲದ ಹೆಸರು. ಅವರು ಹಾಡುಗಳನ್ನು ಹೊಲಿಯುವವರು. ಗುಡುಗನ್ನು ಬಿಟ್ಟು ಕಥಾಗಾಯಕನ ಹೆಸರನ್ನು ಧರಿಸಿದಾಗ ವೃಂದದ ಉದ್ದೇಶವೂ ಸ್ಪಷ್ಟವಾಯಿತು. ನಾದವು ಕಥೆಗೆ ಅಂಗವಾಗಬೇಕು. ಕಥೆಯು ನಾದಕ್ಕೆ ನೆವವಾಗಬಾರದು.

ಜರ್ಮನಿಯ ಲಿಂಬ್ ಮ್ಯೂಸಿಕ್ ಎಂಬ ಪ್ರಕಾಶನಸಂಸ್ಥೆಯು ಅವರ ಕೃತಿಯನ್ನು ಪ್ರಕಟಿಸಲು ಮುಂದೆ ಬಂದಿತು. ಹಿಂದಿನ ಮುದ್ರಿಕೆಗಳಲ್ಲಿ ಹಾಡಿದ್ದವರಿಗೆ ಬದಲಾಗಿ ಪೀಸಾ ನಗರದ ಫಾಬಿಯೊ ಲಿಯೋನೆ ಅವರು ಗಾಯಕರಾಗಿ ಬಂದರು. ಇವರು ೧೯೯೬ರಲ್ಲಿ ಲ್ಯಾಬಿರಿಂಥ್ ಎಂಬ ಮತ್ತೊಂದು ಇಟಾಲಿಯನ್ ವೃಂದದ ಮೊದಲನೆಯ ಆಲ್ಬಮಿನಲ್ಲಿ ಹಾಡಿ ಅನುಭವವನ್ನು ಪಡೆದಿದ್ದವರು. ಧ್ವನಿಮುದ್ರಣವು ನಡೆದುದು ಜರ್ಮನಿಯ ವೊಲ್ಫ್ಸ್‌ಬುರ್ಗ್ ಪಟ್ಟಣದ ಗೇಟ್ ಸ್ಟುಡಿಯೊದಲ್ಲಿ, ಸಾಷಾ ಪೇಟ್ ಅವರ ನಿರ್ದೇಶನದಲ್ಲಿ. ವೊಲ್ಫ್ಸ್‌ಬುರ್ಗ್ ೧೯೩೮ರಲ್ಲಿ ಮೋಟಾರು ಕಾರುಗಳ ಕಾರ್ಖಾನೆಗಾಗಿಯೇ ನಿರ್ಮಿತವಾದ ಊರು. ಒಂಟಿಕೊಂಬಿನ ಕುದುರೆಗಳ ಕಾಡನ್ನೂ ಹಿಮದ ಯೋಧನನ್ನೂ ವರ್ಣಿಸುವ ಹಾಡುಗಳು ಕಾರ್ಖಾನೆಯ ಊರಿನಲ್ಲಿ ಮುದ್ರಿತವಾದುದು ವಿಚಿತ್ರವಾಗಿ ತೋರಬಹುದು. ಆದರೆ ಕವಿಯ ಕಾಡು ಕವಿಯ ಊರಿನಲ್ಲಿ ಇರಬೇಕಾದ ನಿಯಮವೇನೂ ಇಲ್ಲ.

ಮುದ್ರಣದ ಕ್ರಮವನ್ನು ತಿಳಿಯದೆ ಈ ಕೃತಿಯನ್ನು ವಿಮರ್ಶಿಸುವುದು ಸಾಧ್ಯವಿಲ್ಲ. ಇಂತಹ ಸ್ಟುಡಿಯೊದಲ್ಲಿ ವಾದಕರೆಲ್ಲರೂ ಒಟ್ಟಿಗೆ ಕುಳಿತು ನುಡಿಸಬೇಕೆಂಬ ನಿರ್ಬಂಧವಿಲ್ಲ. ಮೊದಲು ಒಂದು ವಾದ್ಯದ ನಾದವನ್ನು ಮುದ್ರಿಸಿ, ಅದರ ಮೇಲೆ ಮತ್ತೊಂದನ್ನು, ಅದರ ಮೇಲೆ ಕಂಠವನ್ನು, ಹೀಗೆ ಪದರಪದರವಾಗಿ ಕಟ್ಟುವರು. ಒಬ್ಬನ ಕಂಠವನ್ನೇ ಹಲವು ಸಲ ಮುದ್ರಿಸಿ ಜೋಡಿಸಿದರೆ ಒಬ್ಬನೇ ಮೇಳವಾಗುವನು. ‘ಲೆಜೆಂಡರಿ ಟೇಲ್ಸ್’ನಲ್ಲಿ ಕೇಳಿಬರುವ ವಾದ್ಯಗೋಷ್ಠಿಯ ಬಹುಭಾಗವು ಸ್ಟಾರೊಪೊಲಿ ಅವರ ಕೀಬೋರ್ಡಿನಿಂದ ಹೊರಟುದು, ಅದಕ್ಕೆ ಬರೋಕ್ ಕಾಲದ ಕೊಳಲಿನಂತಹ ಕೆಲವು ನಿಜವಾದ ವಾದ್ಯಗಳನ್ನು ಸೇರಿಸಿದ್ದಾರೆ. ಎಂದರೆ ದೊಡ್ಡದಾಗಿ ಕೇಳಿಸುವ ಈ ಕೃತಿಯು ನಿಜವಾಗಿ ಕೆಲವೇ ಜನರ ಕೈಕೆಲಸ. ಹೊಲಿಗೆಯೆಂಬ ಹೆಸರಿನ ಅರ್ಥವು ಇಲ್ಲಿ ಅಕ್ಷರಶಃ ನಿಜವಾಗಿದೆ.

ಇನ್ನು ಕೃತಿಯ ಬಂಧವನ್ನು ಪರಿಶೀಲಿಸಬಹುದು. ಸುಮಾರು ಮುಕ್ಕಾಲು ಗಂಟೆಯ ಅವಧಿಯಲ್ಲಿ ಹತ್ತು ಖಂಡಗಳಿವೆ. ಪದರಚನೆಯು ತುರಿಲ್ಲಿ ಅವರದು. ಸಂಗೀತರಚನೆಯು ತುರಿಲ್ಲಿ ಮತ್ತು ಸ್ಟಾರೊಪೊಲಿ ಇಬ್ಬರದು. ಕಥಾವಸ್ತುವು ಕಲ್ಪಿತವಾದುದು. ಮಾಯಾಭೂಮಿಗಳೆಂಬ ಲೋಕಕ್ಕೆ ಅಕ್ರಾನ್ ಎಂಬ ತಮೋರಾಜನಿಂದ ವಿಪತ್ತು ಒದಗುತ್ತದೆ. ಅವನನ್ನು ಗೆಲ್ಲುವುದಕ್ಕೆ ಪಚ್ಚೆಯ ಖಡ್ಗವೊಂದೇ ಸಾಧನ. ಅದನ್ನು ಅರಸಿ ತರಲು ಹಿಮದ ಯೋಧನು ನಿಯುಕ್ತನಾಗುತ್ತಾನೆ. ಈ ಕಥೆಯು ೧೯೯೭ರಿಂದ ೨೦೦೨ರ ವರೆಗೆ ಐದು ಕೃತಿಗಳಲ್ಲಿ ಹರಡಿಕೊಂಡಿದೆ. ಖಡ್ಗವು ನಾಯಕನಿಗೆ ದೊರೆಯುವುದು ೧೯೯೮ರಲ್ಲಿ ಬಂದ ಎರಡನೆಯ ಕೃತಿಯಲ್ಲಿ. ಮೊದಲನೆಯದರಲ್ಲಿ ಇರುವುದು ಆಯ್ಕೆ, ಹೊರಡುವಿಕೆ, ದಾರಿ, ಇಷ್ಟೆ.

ಐದೆಂಬ ಸಂಖ್ಯೆಯ ಸಾಮ್ಯವನ್ನು ಹಿಡಿದು ಈ ಐದು ಕೃತಿಗಳಿಗೂ ಪಂಚಸಂಧಿಗಳನ್ನು ಹೊಂದಿಸಹೊರಡುವುದು ಬಾಲಿಶವಾದೀತು. ಆದರೆ ಮೊದಲನೆಯ ಕೃತಿಗೂ ನಾಟ್ಯಶಾಸ್ತ್ರವು ಹೇಳುವ ಆರಂಭವೆಂಬ ಅವಸ್ಥೆಗೂ ಇರುವ ಸಂಬಂಧವು ಸಂಖ್ಯೆಯದಲ್ಲ, ಅರ್ಥದ್ದು. ಫಲವು ಇನ್ನೂ ದೂರದಲ್ಲಿರುವಾಗ ಅದಕ್ಕಾಗಿ ನಾಯಕನಲ್ಲಿ ಹುಟ್ಟುವ ಔತ್ಸುಕ್ಯವೇ ಆರಂಭ. ಈ ಆಲ್ಬಮಿನಲ್ಲಿ ಜಯವಿಲ್ಲ. ಜಯದ ಸಾಧನವೂ ಕೈಗೆ ಸಿಕ್ಕಿಲ್ಲ. ಇರುವುದು ಹೊರಡುವವನ ಮನಸ್ಸು ಮಾತ್ರ. ವೀರರಸದ ಸ್ಥಾಯಿಭಾವವು ಜಯವಲ್ಲ, ಉತ್ಸಾಹ. ಕಾರ್ಯವು ಕಷ್ಟಸಾಧ್ಯವೆಂದು ತಿಳಿದೂ ಅದರಲ್ಲಿ ತೊಡಗುವ ಸ್ಥಿರವಾದ ಸಂರಂಭವೇ ಉತ್ಸಾಹ. ಹೀಗಿರಲು ಜಯವಿಲ್ಲದ ಕೃತಿಯಲ್ಲಿ ವೀರವು ಪೂರ್ಣವಾಗಿ ಇರಬಲ್ಲುದು. ಜಯವು ತುಂಬಿದ ಕೃತಿಯಲ್ಲಿ ಅದು ಇಲ್ಲದೆಯೂ ಹೋಗಬಹುದು.

ಪ್ರಾರಂಭದಲ್ಲಿಯೇ ಒಂದು ತೊಡಕುಂಟು. ನಾಂದಿಯ ಸ್ಥಾನದಲ್ಲಿರುವ ಮೇಳಗಾನದ ಹೆಸರು ‘ಇರಾ ಟೆನಾಕ್ಸ್’. ಇದು ಲ್ಯಾಟಿನ್, ಪಟ್ಟುಬಿಡದ ಕೋಪವೆಂದು ಇದರ ಅರ್ಥ. ಕ್ರೋಧವು ರೌದ್ರಕ್ಕೆ ಸ್ಥಾಯಿಯೇ ಹೊರತು ವೀರಕ್ಕಲ್ಲ. ಮುಂದೆ ಐದನೆಯ ಖಂಡದ ಹೆಸರು ‘ಫ್ಲೇಮ್ಸ್ ಆಫ್ ರಿವೆಂಜ್’, ಸೇಡಿನ ಜ್ವಾಲೆಗಳು. ಅದೂ ರೌದ್ರದ ಕಡೆಗೇ ಒಲೆದಿದೆ. ಇದರಿಂದ ಕೃತಿಯು ರೌದ್ರಪ್ರಧಾನವಲ್ಲವೆ ಎಂಬ ಆಕ್ಷೇಪವು ಸಹಜವಾಗಿ ಏಳುವುದು. ಇದಕ್ಕೆ ಸಮಾಧಾನವನ್ನು ನಾಯಕನ ಹೆಸರಿನಲ್ಲಿಯೇ ಕಾಣಬಹುದು. ಅವನು ಹಿಮದ ಯೋಧ. ಸುತ್ತಲಿನ ಲೋಕವು ಉರಿಯುತ್ತಿರುವಾಗ ಅವನ ವಿಶೇಷಣವು ಶೈತ್ಯವನ್ನು ಹೇಳುತ್ತದೆ. ಕೋಪವನ್ನು ಒಳಗಡಗಿಸಿ ಕಾರ್ಯದಲ್ಲಿ ನಿಲ್ಲುವ ಧೀರೋದಾತ್ತನ ಲಕ್ಷಣವಿದು. ಕ್ರೋಧವು ಇಲ್ಲಿ ಸಂಚಾರಿಯಾಗಿ ಬಂದು ಹೋಗುವುದು. ನಾಂದಿಯ ಲ್ಯಾಟಿನ್ ಮೇಳವು ಮುಗಿದು ಎರಡನೆಯ ಖಂಡವಾದ ‘ವಾರಿಯರ್ ಆಫ್ ಐಸ್’ ತೊಡಗಿದೊಡನೆ ಪಲ್ಲವಿಯು ಹರ್ಷದ ಸ್ವರಗಳಿಗೆ ತಿರುಗುವುದೇ ಇದಕ್ಕೆ ಪ್ರಮಾಣ.

ಖಂಡಗಳ ಅನುಕ್ರಮದಲ್ಲಿ ಈ ಕರ್ತೃಗಳ ಔಚಿತ್ಯಪ್ರಜ್ಞೆಯು ಎದ್ದು ಕಾಣುವುದು. ಎರಡನೆಯ ಮತ್ತು ಮೂರನೆಯ ಖಂಡಗಳು ದೀಪ್ತವಾದುವು, ದ್ರುತವಾದುವು. ನಾಲ್ಕನೆಯದಾದ ‘ಫಾರೆಸ್ಟ್ ಆಫ್ ಯೂನಿಕಾರ್ನ್ಸ್’ ಕೊಳಲಿನೊಡನೆ ನಡೆಯುವ ಹಳ್ಳಿಯ ಹಾಡಿನಂತಹ ರಚನೆ. ಐದನೆಯದು ಮತ್ತೆ ದೀಪ್ತ. ಆರನೆಯದಾದ ‘ವರ್ಜಿನ್ ಸ್ಕೈಸ್’ ಮಾತಿಲ್ಲದ ಕಿರಿಯ ವಾದ್ಯಖಂಡ. ಏಳನೆಯದು ಮೂರು ವರ್ಷಗಳ ಹಿಂದೆ ಮೊದಲ ಮುದ್ರಿಕೆಗೆ ಹೆಸರು ಕೊಟ್ಟಿದ್ದ ‘ಲ್ಯಾಂಡ್ ಆಫ್ ಇಮ್ಮಾರ್ಟಲ್ಸ್’, ದೀಪ್ತ. ಎಂಟನೆಯದಾದ ‘ಎಕೋಸ್ ಆಫ್ ಟ್ರ್ಯಾಜಿಡಿ’ ವಿಲಂಬ, ಶೋಕಮಿಶ್ರ. ಒಂಬತ್ತನೆಯದು ಪುನಃ ದೀಪ್ತ. ಹತ್ತನೆಯದಾದ ಶೀರ್ಷಿಕೆಯ ಖಂಡದಲ್ಲಿ ವಿಲಂಬವೂ ಘೋಷವೂ ಎರಡೂ ಸೇರಿ ಕೃತಿಯು ಮುಗಿಯುವುದು. ಹೀಗೆ ನಾಲ್ಕು, ಆರು, ಎಂಟನೆಯ ಸ್ಥಾನಗಳಲ್ಲಿ ಮನಸ್ಸಿಗೆ ವಿಶ್ರಾಂತಿಯನ್ನು ಒದಗಿಸಿರುವುದು ಆಕಸ್ಮಿಕವಾಗಿರಲಾರದು. ಒಂದೇ ರಸದ ಪುನಃಪುನರುದ್ದೀಪನವು ರಸಕ್ಕೆ ವಿರೋಧಿಯೆಂದು ಆನಂದವರ್ಧನನು ಎಚ್ಚರಿಸಿದ್ದಾನೆ. ಬಾಡಿದ ಹೂವನ್ನು ಎಷ್ಟು ಮುಟ್ಟಿದರೂ ಅರಳಲಾರದು.

ಈ ವಿಶ್ರಾಂತಿಸ್ಥಾನಗಳ ಮಹತ್ತ್ವವು ಓಜಸ್ಸಿನ ತಾರತಮ್ಯವನ್ನು ನೆನೆದಾಗ ಇನ್ನೂ ಸ್ಪಷ್ಟವಾಗುವುದು. ಚಿತ್ತದ ವಿಸ್ತಾರಕ್ಕೆ ಕಾರಣವಾದ ದೀಪ್ತಿಯೇ ಓಜಸ್ಸು. ಅದು ವೀರದಲ್ಲಿ ಇರುವುದು; ಬೀಭತ್ಸದಲ್ಲಿ ಅದಕ್ಕಿಂತ ಹೆಚ್ಚು; ರೌದ್ರದಲ್ಲಿ ಎಲ್ಲಕ್ಕಿಂತಲೂ ಹೆಚ್ಚು. ಇದು ಮಮ್ಮಟನ ನಿರ್ಣಯ. ಎಂದಮೇಲೆ ಓಜಸ್ಸಿನ ಮೂರು ಆಶ್ರಯಗಳಲ್ಲಿ ವೀರವೇ ಅತ್ಯಂತ ಸಂಯಮವುಳ್ಳದ್ದು. ಘೋಷವನ್ನು ಏರಿಸುತ್ತ ಹೋದಷ್ಟೂ ವೀರವು ಏರುವುದೆಂದು ತಿಳಿಯುವವನು ನಿಜವಾಗಿ ವೀರವನ್ನು ದಾಟಿ ರೌದ್ರದ ಕಡೆಗೆ ನಡೆಯುತ್ತಿರುವನು. ಮೆಟಲ್ ಸಂಗೀತದ ಇತರ ಕೆಲವು ಶಾಖೆಗಳು ಉದ್ದೇಶಪೂರ್ವಕವಾಗಿಯೇ ಬೀಭತ್ಸವನ್ನೂ ರೌದ್ರವನ್ನೂ ಆಶ್ರಯಿಸಿವೆ. ಅಲ್ಲಿ ಘೋಷದ ಆಧಿಕ್ಯವು ದೋಷವಲ್ಲ. ಪವರ್ ಮೆಟಲ್ಲಿಗೆ ಮಾತ್ರ ಘೋಷದ ಜೊತೆಯಲ್ಲಿ ತಡೆಯೂ ಬೇಕು. ಅಭಿಮಾನಿಗಳು ಮರೆತಿರುವುದು ಇದನ್ನೇ.

ಇನ್ನು ದೋಷಗಳನ್ನು ಮುಚ್ಚಿಡದೆ ಹೇಳಬೇಕು. ಮೊದಲನೆಯ ದೋಷವು ಪ್ರತಿನಾಯಕನಿಗೆ ಸಂಬಂಧಿಸಿದುದು. ಗೆಲ್ಲಬೇಕಾದವನು ವೀರರಸಕ್ಕೆ ಆಲಂಬನವಿಭಾವ. ಶತ್ರುವಿನ ವಂಶ ವೀರ್ಯ ವಿದ್ಯೆಗಳನ್ನು ಮೊದಲು ವರ್ಣಿಸಿ ಆಮೇಲೆ ನಾಯಕನು ಅವನನ್ನು ಜಯಿಸುವುದನ್ನು ಹೇಳುವ ಮಾರ್ಗವು ದಂಡಿಗೆ ಸಮ್ಮತವಾದುದು. ಅದರಿಂದ ನಾಯಕನ ಉತ್ಕರ್ಷವೇ ಹೆಚ್ಚುವುದು. ರನ್ನನ ಗದಾಯುದ್ಧದಲ್ಲಿ ದುರ್ಯೋಧನನಿಗೆ ದೊರೆತಿರುವ ಘನತೆಯಿಂದ ಭೀಮನ ಸಾಹಸಕ್ಕೆ ಬೆಲೆ ಬಂದಿರುವುದನ್ನು ಕನ್ನಡ ವಾಚಕರು ಬಲ್ಲರು. ‘ಲೆಜೆಂಡರಿ ಟೇಲ್ಸ್’ನಲ್ಲಿ ಶತ್ರುವು ಕತ್ತಲೆಯೆಂಬ ಒಂದು ಸಾಮಾನ್ಯಭಾವವಾಗಿ ಮಾತ್ರ ನಿಂತಿದ್ದಾನೆ, ಅವನಿಗೆ ಮುಖವಿಲ್ಲ, ಮಾತಿಲ್ಲ, ಘನತೆಯಿಲ್ಲ. ಆಲಂಬನವು ಹೀಗೆ ದುರ್ಬಲವಾದಲ್ಲಿ ಉತ್ಸಾಹವು ಯಾರ ಮೇಲೆ ಎಂಬ ಪ್ರಶ್ನೆಗೆ ಉತ್ತರವು ಸಿಗದು.

ಎರಡನೆಯದು ಭಾಷಾದೋಷ. ಕರ್ತೃಗಳ ಮಾತೃಭಾಷೆ ಇಟಾಲಿಯನ್. ಪದಗಳನ್ನು ರಚಿಸಿರುವುದು ಇಂಗ್ಲಿಷಿನಲ್ಲಿ. ಹಲವೆಡೆ ಪದವಿನ್ಯಾಸವು ಆ ಭಾಷೆಯ ಸಹಜವಾದ ನುಡಿಗಟ್ಟಿಗೆ ಹೊಂದುವುದಿಲ್ಲ. ವಿಶೇಷಣಗಳು ಗುಂಪುಗೂಡಿ ವಿಶೇಷ್ಯವನ್ನು ಮರೆಮಾಡುವುವು. ಪವಿತ್ರ, ಅನಂತ, ಬಲಿಷ್ಠ ಎಂಬರ್ಥದ ಪದಗಳು ಮತ್ತೆ ಮತ್ತೆ ಬಂದು ಸವೆದ ನಾಣ್ಯಗಳಾಗುವುವು. ಪರಭಾಷೆಯಲ್ಲಿ ಬರೆದುದೇ ತಪ್ಪೆಂದು ಇದರ ಅಭಿಪ್ರಾಯವಲ್ಲ. ಯಾರಿಗೂ ಮನೆಮಾತಾಗಿರದ ಕಾಲದಲ್ಲಿಯೂ ಸಂಸ್ಕೃತದಲ್ಲಿ ಮಹಾಕವಿಗಳು ಹುಟ್ಟಿದರು. ಆದರೆ ಅವರು ವ್ಯಾಕರಣವನ್ನೂ ಕೋಶವನ್ನೂ ಪೂರ್ವಕವಿಗಳ ಪ್ರಯೋಗಗಳನ್ನೂ ವರ್ಷಗಟ್ಟಲೆ ಅಭ್ಯಾಸ ಮಾಡಿ ಆ ಭಾಷೆಯನ್ನು ತಮ್ಮದಾಗಿಸಿಕೊಂಡಿದ್ದರು. ಶಕ್ತಿ, ವ್ಯುತ್ಪತ್ತಿ, ಅಭ್ಯಾಸಗಳೆಂಬ ಮೂರು ಕಾರಣಗಳಲ್ಲಿ ತುರಿಲ್ಲಿ ಅವರಿಗೆ ಸಂಗೀತದ ಮಟ್ಟಿಗೆ ಮೂರೂ ಉಂಟು. ಇಂಗ್ಲಿಷ್ ಪದರಚನೆಯ ಮಟ್ಟಿಗೆ ಮೊದಲನೆಯದು ಮಾತ್ರ.

ಆಲಂಬನವು ದುರ್ಬಲ, ಪದವು ದುರ್ಬಲ. ಹಾಗಾದರೆ ಕೇಳುವವನ ಮನಸ್ಸಿನಲ್ಲಿ ಉತ್ಸಾಹವು ಹುಟ್ಟುವುದು ಎಲ್ಲಿಂದ? ಹುಟ್ಟುವುದಂತೂ ನಿಜ. ಇಂಗ್ಲಿಷನ್ನು ಸರಿಯಾಗಿ ಅರಿಯದ ದೇಶಗಳಲ್ಲಿಯೂ ಈ ಸಂಗೀತಕ್ಕೆ ಕೇಳುಗರಿರುವರು. ಇದಕ್ಕೆ ಉತ್ತರವು ಧ್ವನ್ಯಾಲೋಕದ ಮೂರನೆಯ ಉದ್ಯೋತದಲ್ಲಿದೆ. ವ್ಯಂಜಕತ್ವವು ವಾಚಕತ್ವವನ್ನು ಬಿಟ್ಟೂ ಇರಬಲ್ಲುದೆಂಬುದನ್ನು ಸಾಧಿಸುವಾಗ ಆನಂದವರ್ಧನನು ಗೀತದ ಶಬ್ದಗಳನ್ನು ಉದಾಹರಿಸುತ್ತಾನೆ. ಅವುಗಳಿಗೆ ವಾಚ್ಯಾರ್ಥವಿಲ್ಲದಿದ್ದರೂ ಅವು ರಸವನ್ನು ಅಭಿವ್ಯಕ್ತಿಗೊಳಿಸುವುವು. ‘ವರ್ಜಿನ್ ಸ್ಕೈಸ್’ ಇದಕ್ಕೆ ಈ ಕೃತಿಯಲ್ಲಿಯೇ ದೊರೆಯುವ ದೃಷ್ಟಾಂತ: ಒಂದು ಮಾತೂ ಇಲ್ಲದ ಆ ಕಿರಿಯ ಖಂಡದಲ್ಲಿ ಬೆಳಗಿನ ಹೊತ್ತು ದಾರಿ ಹಿಡಿದವನ ಪ್ರಶಾಂತವಾದ ನಿಶ್ಚಯವು ಯಾವ ಪದ್ಯದಲ್ಲಿಯೂ ಇಲ್ಲದಷ್ಟು ಸ್ವಚ್ಛವಾಗಿ ಹೊಮ್ಮಿದೆ. ಉಳಿದ ಖಂಡಗಳಲ್ಲಿಯೂ ಲಿಯೋನೆ ಅವರ ಕಂಠವು ಪದದ ಅರ್ಥವನ್ನು ಕಾಯದೆ ಸ್ವರದಿಂದಲೇ ಕಾರ್ಯವನ್ನು ಸಾಧಿಸುವುದು. ಆದರೆ ಈ ಸಮಾಧಾನವು ಪದದೋಷವನ್ನು ಕ್ಷಮಿಸುವುದೇ ಹೊರತು ಇಲ್ಲವಾಗಿಸುವುದಿಲ್ಲ. ಕಥೆಯನ್ನು ಹೇಳುವೆವೆಂದು ಹೆಸರಿನಲ್ಲಿಯೇ ಪ್ರತಿಜ್ಞೆ ಮಾಡಿದವರು ಕಾವ್ಯದ ನ್ಯಾಯಸ್ಥಾನಕ್ಕೆ ಒಳಪಡಲೇಬೇಕು.

ಋಣದ ವಿಚಾರವೂ ಉಳಿದಿದೆ. ಹೆಲೊವೀನಿನ ಗತಿ, ಮಾಲ್ಮ್‌ಸ್ಟೀನರ ಸ್ವರಪದ್ಧತಿ, ಬರೋಕ್ ಕಾಲದ ಅಲಂಕಾರಗಳು, ಚಲಚ್ಚಿತ್ರಗಳ ಹಿನ್ನೆಲೆ ಸಂಗೀತ, ಇವೆಲ್ಲವನ್ನೂ ತಂದು ಹೊಲಿದಿರುವರು; ತಮ್ಮ ಶೈಲಿಯನ್ನು ಅವರೇ ‘ಹಾಲಿವುಡ್ ಮೆಟಲ್’ ಎಂದು ಕರೆದುಕೊಂಡುದೂ ಉಂಟು. ಇದು ಕಾವ್ಯಚೌರ್ಯವೆ? ಕವಿಗಳ ಸಂವಾದವನ್ನು ಆನಂದವರ್ಧನನು ಮೂರಾಗಿ ವಿಂಗಡಿಸಿದ್ದಾನೆ. ಕನ್ನಡಿಯ ಬಿಂಬದಂತೆ ಇರುವುದು ಹೇಯ, ಚಿತ್ರದಂತೆ ಇರುವುದೂ ಹೇಯ. ಆದರೆ ಒಬ್ಬ ಮನುಷ್ಯನು ಇನ್ನೊಬ್ಬನನ್ನು ಹೋಲುವಂತೆ ದೇಹಸಾಮ್ಯವಿದ್ದೂ ಬೇರೆ ಆತ್ಮವುಳ್ಳದ್ದು ಗ್ರಾಹ್ಯ. ಈ ಕೃತಿಯ ಗಿಟಾರ್ ಭಾಗಗಳಲ್ಲಿ ಕೆಲವು ಚಿತ್ರದ ಮಟ್ಟವನ್ನು ಮೀರುವುದಿಲ್ಲ. ‘ಫಾರೆಸ್ಟ್ ಆಫ್ ಯೂನಿಕಾರ್ನ್ಸ್’ ಮತ್ತು ಶೀರ್ಷಿಕೆಯ ಖಂಡಗಳಾದರೋ ಮೂರನೆಯ ವರ್ಗಕ್ಕೆ ಸೇರುವುವು: ಕೊಳಲೂ ಗಿಟಾರೂ ಒಂದರ ಮನೆಯಲ್ಲಿ ಮತ್ತೊಂದು ಅತಿಥಿಯಾಗಿ ಕಾಣದೆ ಒಡಹುಟ್ಟಿದುವಾಗಿ ಕಾಣುವುವು.

ಮುಂದಿನ ಚರಿತ್ರೆಯೊಡನೆ ಹೋಲಿಸಿದಾಗ ಮೊದಲನೆಯ ಕೃತಿಯ ಯೋಗ್ಯತೆಯು ನಿರ್ಧಾರವಾಗುವುದು. ೧೯೯೮ರ ‘ಸಿಂಫನಿ ಆಫ್ ಎನ್‌ಚಾಂಟೆಡ್ ಲ್ಯಾಂಡ್ಸ್’, ೨೦೦೦ದ ‘ಡಾನ್ ಆಫ್ ವಿಕ್ಟರಿ’, ೨೦೦೧ರ ‘ರೈನ್ ಆಫ್ ಎ ಥೌಸಂಡ್ ಫ್ಲೇಮ್ಸ್’, ೨೦೦೨ರ ‘ಪವರ್ ಆಫ್ ದಿ ಡ್ರ್ಯಾಗನ್‌ಫ್ಲೇಮ್’ ಇವುಗಳಲ್ಲಿ ವೃಂದವು ಬಹುವಾಗಿ ಬೆಳೆಯಿತು. ೨೦೦೪ರಲ್ಲಿ ಹೊಸ ಕಥಾಚಕ್ರವನ್ನು ತೊಡಗಿದಾಗ ಇಂಗ್ಲೆಂಡಿನ ಪ್ರಸಿದ್ಧ ನಟರಾಗಿದ್ದ ಕ್ರಿಸ್ಟೋಫರ್ ಲೀ ಅವರೇ ಕಥಾನಿರೂಪಣೆಯ ಮಾತುಗಳನ್ನು ಆಡಿದರು. ೨೦೦೬ರಲ್ಲಿ ಹೆಸರು ರ‍್ಯಾಪ್ಸೊಡಿ ಆಫ್ಫೈರ್ ಎಂದಾಯಿತು. ತುರಿಲ್ಲಿ ಅವರು ೨೦೧೧ರಲ್ಲಿಯೂ ಲಿಯೋನೆ ಅವರು ೨೦೧೬ರಲ್ಲಿಯೂ ವೃಂದವನ್ನು ಬಿಟ್ಟರು. ನಂತರದ ಕೃತಿಗಳಲ್ಲಿ ಕೌಶಲವು ಹೆಚ್ಚಿದುದನ್ನು ಯಾರೂ ಅಲ್ಲಗಳೆಯಲಾರರು. ೧೯೯೮ರ ಕೃತಿಯಲ್ಲಿ ಬಂಧವೂ ಬಿಗಿಯಾಯಿತು. ಆದರೆ ಖಡ್ಗವು ದೊರೆತ ಮೇಲೆ ಕಥೆಗೆ ಬೇಕಾದುದು ಯುದ್ಧ, ಯುದ್ಧಕ್ಕೆ ಬೇಕಾದುದು ಇನ್ನೂ ದೊಡ್ಡ ಘೋಷ. ಕೃತಿಗಳ ಹೆಸರುಗಳಲ್ಲಿಯೇ ಜ್ವಾಲೆಯು ಹೆಚ್ಚುತ್ತ ಹೋಗಿ ಕೊನೆಗೆ ವೃಂದದ ಹೆಸರಿನಲ್ಲಿಯೂ ಬೆಂಕಿಯೇ ಬಂದು ನಿಂತಿತು. ಹಿಮದ ಯೋಧನ ಶೈತ್ಯವು ಹಿಂದಾಯಿತು. ದೀಪ್ತಿಯ ತಾರತಮ್ಯವನ್ನು ಬಲ್ಲವರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ.

೧೯೯೭ರ ಕೃತಿಯು ಅಲ್ಪಕಾಯನಾದ ಶೂರನಂತಿದೆ. ಅದರ ವಾದ್ಯಗೋಷ್ಠಿಯು ಬಹುಮಟ್ಟಿಗೆ ಕೀಬೋರ್ಡಿನದು, ಭಾಷೆಯು ಎರವಲಿನದು, ಕಥೆಯು ಮುಗಿಯದ್ದು. ಆದರೆ ಕಾಲದ ರುಚಿಯು ಹಾಸ್ಯಮಾಡುತ್ತಿದ್ದ ವಸ್ತುವನ್ನೇ ಶ್ರದ್ಧೆಯಿಂದ ಹಿಡಿದು, ಫಲವು ಸಿಗುವುದೋ ಇಲ್ಲವೋ ಅರಿಯದೆ ಕೆಲವು ತರುಣರು ನಾಲ್ಕು ವರ್ಷ ದುಡಿದು ಪರದೇಶದ ಸ್ಟುಡಿಯೊದಲ್ಲಿ ಮುದ್ರಿಸಿದ ಕೃತಿಯಿದು. ಅವರ ನಾಯಕನ ಸ್ಥಿತಿಯೂ ಅದೇ. ಕರ್ತೃವಿನ ಉತ್ಸಾಹವೂ ನಾಯಕನ ಉತ್ಸಾಹವೂ ಒಂದಾದಾಗ ಅದು ಸಹೃದಯನಿಗೆ ಸುಲಭವಾಗಿ ಸಂಕ್ರಮಿಸುವುದು. ಮುಂದಿನ ಕೃತಿಗಳ ದೊಡ್ಡ ದೇಹವನ್ನು ಕಂಡು ಶೂರವೆಂದು ಹೊಗಳುವವರೂ, ಪ್ರಕಾರದ ಘೋಷವನ್ನು ಕೇಳಿದೊಡನೆ ಗದ್ದಲವೆಂದು ಕಿವಿ ಮುಚ್ಚಿಕೊಳ್ಳುವವರೂ ಈ ಮೊದಲನೆಯ ಆಲ್ಬಮನ್ನು, ಅದರಲ್ಲಿಯೂ ಅದರ ಮೂರು ವಿಶ್ರಾಂತಿಸ್ಥಾನಗಳನ್ನು, ಸಾವಧಾನವಾಗಿ ಕೇಳಬೇಕು. ಘೋಷವು ಅಡಗಿದಾಗಲೂ ಉಳಿಯುವ ಭಾವ ಯಾವುದೋ ಅದೇ ಸ್ಥಾಯಿ. ಇಲ್ಲಿ ಉಳಿಯುವುದು ಉತ್ಸಾಹ.